ಪ್ರಶ್ನೆಯನ್ನು ಯಾರಿಗೆ ಕೇಳತಕ್ಕದ್ದು?

ಒಬ್ಬ ಸ್ತ್ರೀಯು ಮೂವತ್ತೈದು ನಾಲ್ವತ್ತು ವರುಷ ಪ್ರಾಯದವಳಾಗಿಯೂ ಮದುವೆಯಿಲ್ಲದೆ ಇದ್ದರೆ ನೆರೆಹೊರೆಯವರು ಮೊದಲು ಕೇಳುವದು, “ಇವಳಲ್ಲಿ ಏನು ಕುಂದು?” ಎಂಬದೇ. ಪುರುಷನಾದರೆ, “ಇವನಿಗೆ ಯಾಕೆ ಯಾರೂ ಹೆಣ್ಣು ಕೊಡಲಿಲ್ಲ?” ಎಂದು ವಿಚಾರಿಸುತ್ತಾರೆ. ಪ್ರಿಯ ವಾಚಕರೇ, ಒಬ್ಬಳಲ್ಲ, ಒಬ್ಬನಲ್ಲ, ಒಂದು ಜನಾಂಗದ ಪ್ರಾಯಸ್ಥರಲ್ಲಿ ಹೆಚ್ಚುಕಡಿಮೆ ಅರ್ಧ ಪಾಲು ಜನರು ಎಂದೂ ಮದುವೆಯಾಗದವರೆಂದು ಕಂಡುಬಂದರೆ ಆಗ ಏನನ್ನೋಣ? ಇಡೀ ಜನಾಂಗದಲ್ಲಿಯೇ ಕುಂದುಂಟೆನ್ನೋಣವೋ? ಅಥವಾ ನಾವು ಪ್ರಶ್ನೆಯನ್ನು ತಪ್ಪಾದ ಮನೆಯ ಬಾಗಲಲ್ಲಿ ನಿಂತು ಕೇಳುತ್ತಿದ್ದೇವೋ?

ಅಮೇರಿಕಾದ ಸಂಯುಕ್ತ ಸಂಸ್ಥಾನಗಳಲ್ಲಿರುವ ಕಪ್ಪುವರ್ಣದ ಜನರ ಸಂಗತಿಯು ಹೀಗಿದೆ. ಅವರು ಈಗ ನಾಲ್ಕು ಕೋಟಿಗಿಂತ ಹೆಚ್ಚಾಗಿದ್ದಾರೆ. ಅವರಲ್ಲಿ ಬಹುಜನರು ಆಫ್ರಿಕ ಖಂಡದಿಂದ ದಾಸರಾಗಿ ತರಲ್ಪಟ್ಟವರ ಸಂತತಿಯವರು. ಆ ದೇಶದ ಎಲ್ಲಾ ಪ್ರಾಯಸ್ಥರನ್ನು ಲೆಕ್ಕಿಸಿದರೆ ಮೂವರಲ್ಲಿ ಸುಮಾರು ಒಬ್ಬರು ಎಂದೂ ಮದುವೆಯಾಗದವರು. ಕಪ್ಪುವರ್ಣದವರಲ್ಲಿಯಾದರೋ ಇಬ್ಬರಲ್ಲಿ ಸುಮಾರು ಒಬ್ಬರು. ಈ ಮಾತು ಹೆಂಗಸರಿಗೂ ಗಂಡಸರಿಗೂ ಸಮನಾಗಿ ಸಲ್ಲುತ್ತದೆ. ಆದರೆ ಜನರು ಮಾತಾಡುವಾಗ ಹೆಂಗಸರನ್ನೇ ಎತ್ತಿ ಆಡುತ್ತಾರೆ. ಆಕೆಗೆ ಗರ್ವ ಹೆಚ್ಚು, ಆಕೆಯ ನಾಲಿಗೆ ಚುರುಕು, ಆಕೆ ಬಹಳ ಓದಿದ್ದಾಳೆ, ಆಕೆ ಗಂಡನಿಗೆ ಅಧೀನಳಾಗಲೊಲ್ಲಳು ಎಂದು ಒಬ್ಬರು ಹೇಳುತ್ತಾರೆ. ಮತ್ತೊಬ್ಬರು, ಈ ಜನರು ದಾಸತ್ವದ ಕಾಲದಿಂದಲೂ ಮದುವೆಯನ್ನು ಅಲಕ್ಷ್ಯಮಾಡಿದವರೇ ಎಂದು ತೀರ್ಪು ಕೊಟ್ಟುಬಿಡುತ್ತಾರೆ. ಈ ಎರಡನೆಯ ಮಾತನ್ನು ಮೊದಲು ಪರೀಕ್ಷಿಸೋಣ, ಯಾಕಂದರೆ ಅದು ಚರಿತ್ರೆಯ ಮಾತು, ಮತ್ತು ಚರಿತ್ರೆಯು ಅದಕ್ಕೆ ಉತ್ತರ ಕೊಡಬಲ್ಲದು.

ದಾಸನಿಗೆ ಕಾನೂನಿನ ಪ್ರಕಾರ ಮದುವೆಯೇ ಇರಲಿಲ್ಲ. ಒಡಂಬಡಿಕೆ ಮಾಡುವ ಅಧಿಕಾರವು ಸ್ವತಂತ್ರನಿಗೆ ಮಾತ್ರ ಇತ್ತು. ತಾನೇ ಮತ್ತೊಬ್ಬನ ಸೊತ್ತಾಗಿರುವವನು ಯಾವ ಒಡಂಬಡಿಕೆಯನ್ನು ಮಾಡಾನು? ವರ್ಜೀನಿಯದಲ್ಲಿ 1662ರಲ್ಲಿ ಮಾಡಿದ ಒಂದು ಕಾಯಿದೆಯ ಮೇರೆಗೆ ಮಗುವು ತಂದೆಯ ಸ್ಥಿತಿಯನ್ನಲ್ಲ, ತಾಯಿಯ ಸ್ಥಿತಿಯನ್ನು ಹೊಂದುತ್ತಿತ್ತು. ಹಾಗಾದ ಕಾರಣ ದಾಸಿಯ ಹೊಟ್ಟೆಯಲ್ಲಿ ಹುಟ್ಟಿದ ಕೂಸು ತೊಟ್ಟಿಲಲ್ಲಿಯೇ ಯಜಮಾನನ ಆಸ್ತಿಯ ಪಟ್ಟಿಯಲ್ಲಿ ಸೇರುತ್ತಿತ್ತು. ಆ ಕೂಸಿನ ತಂದೆಯು ಯಜಮಾನನೇ ಆಗಿದ್ದರೂ ಹಾಗೆಯೇ. ಆದಾಗ್ಯೂ ಆ ಜನರು ಮದುವೆಯಾಗುತ್ತಿದ್ದರು. ನೆಲದ ಮೇಲೆ ಒಂದು ಕಸಬರಿಕೆಯನ್ನಿಟ್ಟು ಗಂಡುಹೆಣ್ಣುಗಳು ಅದನ್ನು ದಾಟಿ, ಕೂಡಿದವರ ಎದುರಿನಲ್ಲಿ ಗಂಡಹೆಂಡಿರೆನ್ನಿಸಿಕೊಳ್ಳುವ ಪದ್ಧತಿಯಿತ್ತು. ಕೆಲವು ಕಡೆ ಬೋಧಕರು ಬಂದು ಮದುವೆ ನಡಿಸುತ್ತಿದ್ದರು. ಆದರೆ ಕ್ರೈಸ್ತ ವಿವಾಹವಿಧಿಯಲ್ಲಿ ಮರಣದ ವರೆಗೆ ಅಗಲುವದಿಲ್ಲವೆಂಬ ಮಾತು ಬರುವಲ್ಲಿ ಆ ಬೋಧಕರಲ್ಲಿ ಕೆಲವರು ತಡವರಿಸಿದರು. ನಾಳೆ ಯಜಮಾನನು ಮಾರಿದರೆ ಏನು ಗತಿ? ಆದಕಾರಣ ಮರಣವಾಗಲಿ ದೂರವಾಗಲಿ ಅಗಲಿಸುವ ತನಕ ಎಂದು ಆ ಮಾತನ್ನು ತಿದ್ದಿದರು. ವಾಚಕರು ಈ ತಿದ್ದುಪಡಿಯ ಮೇಲೆ ಸ್ವಲ್ಪ ನಿಲ್ಲಬೇಕೆಂದು ಬೇಡುತ್ತೇನೆ. ಮಾರುವವನ ಕೈಯನ್ನು ಹಿಡಿಯುವದು ಬೋಧಕನಿಗೆ ಆಗದೆ ಹೋಯಿತು; ಮದುಮಕ್ಕಳ ಪ್ರಮಾಣವನ್ನು ಮೊಟಕುಮಾಡುವದು ಸುಲಭವಾಯಿತು.

ದೂರವೆಂಬದು ಬರೀ ಮಾತಲ್ಲ. 1790ರಿಂದ 1860ರ ವರೆಗೆ ವರ್ಜೀನಿಯ ಮೊದಲಾದ ಹಳೇ ಸಂಸ್ಥಾನಗಳಿಂದ ದಕ್ಷಿಣದ ಹತ್ತಿ ಹೊಲಗಳಿಗೆ ಸುಮಾರು ಹತ್ತು ಲಕ್ಷ ದಾಸರು ಸಾಗಿಸಲ್ಪಟ್ಟರು. ರಿಚ್ಮಂಡ್ ಪಟ್ಟಣದಲ್ಲಿ ಹೊಗೆಸೊಪ್ಪಿನ ಕಾರ್ಖಾನೆಯಲ್ಲಿ ದುಡಿಯುತ್ತಿದ್ದ ಹೆನ್ರಿ ಬ್ರೌನ್ ಎಂಬ ದಾಸನು ತನ್ನ ಹೆಂಡತಿ ನಾನ್ಸಿಯನ್ನು ಮಾರದಿರಲೆಂದು ಅವಳ ಯಜಮಾನನಿಗೆ ತನ್ನ ಸಂಪಾದನೆಯಿಂದ ಹಣ ಕೊಟ್ಟವನು. ಆದರೂ 1848ರಲ್ಲಿ ಗರ್ಭಿಣಿಯಾಗಿದ್ದ ಅವಳನ್ನೂ ಮೂವರು ಮಕ್ಕಳನ್ನೂ ಉತ್ತರ ಕ್ಯಾರೊಲೈನಕ್ಕೆ ಮಾರಿಬಿಟ್ಟರು. ಅವರನ್ನು ಸಾಗಿಸುವ ದಿವಸ ಅವನು ಬೀದಿಯಲ್ಲಿ ಕಾದು ನಿಂತು, ಹೆಂಡತಿಯ ಕೈ ಹಿಡುಕೊಂಡು ನಾಲ್ಕು ಮೈಲು ದೂರ ಜೊತೆಯಾಗಿ ನಡೆದು, ಅಲ್ಲಿ ಬಿಡಬೇಕಾಯಿತು. ಮರುವರುಷ ಅವನು ಮೂರಡಿ ಉದ್ದದ ಮರದ ಪೆಟ್ಟಿಗೆಯೊಳಗೆ ಕುಳಿತು, ಸರಕಿನಂತೆ ಫಿಲದೆಲ್ಫಿಯಕ್ಕೆ ಕಳುಹಿಸಲ್ಪಟ್ಟು ಬಿಡುಗಡೆಯಾದನು. ಮುಂದೆ ಇಂಗ್ಲೆಂಡಿನಲ್ಲಿ ಬೇರೊಬ್ಬಳನ್ನು ಮದುವೆಯಾದನು. ಮೊದಲನೆಯ ಹೆಂಡತಿಯನ್ನು ಬಿಡಿಸಿ ತರಲಿಲ್ಲವೆಂದು ಅವನನ್ನು ದೂಷಿಸಿದವರುಂಟು. ಅವಳನ್ನು ಮಾರಿದವನ ಗೃಹಕೃತ್ಯವನ್ನು ಕುರಿತು ಅವರು ಏನಾದರೂ ಕೇಳಿದರೋ?

ಇನ್ನು ಸಭೆಯವರ ಮುಂದೆ ಬಂದ ಒಂದು ವ್ಯಾಜ್ಯವನ್ನು ಹೇಳುತ್ತೇನೆ. ಸಭೆಯ ಹಿರಿಯರಾಗಿರುವವರು ಇದನ್ನು ಗಮನಿಸಿ ಓದಬೇಕು. ಮಾರಾಟದಿಂದ ಅಗಲಿಸಲ್ಪಟ್ಟ ದಾಸನು, ಹೆಂಡತಿಯು ಬದುಕಿರುವಾಗಲೇ ಇನ್ನೊಬ್ಬಳನ್ನು ಮದುವೆಯಾದರೆ ಅವನನ್ನು ಸಭೆಯಲ್ಲಿ ಇಟ್ಟುಕೊಳ್ಳಬಹುದೋ, ಬಹಿಷ್ಕರಿಸಬೇಕೋ? ಸವಾನಾ ನದೀಪ್ರಾಂತದ ಬ್ಯಾಪ್ಟಿಸ್ಟ್ ಸಭೆಗಳ ಒಕ್ಕೂಟದವರು 1835ರಲ್ಲಿ ಇದನ್ನು ವಿಚಾರಿಸಿದರು. ದೇವರು ಜೋಡಿಸಿದವರನ್ನು ಅಗಲಿಸುವ ಹಕ್ಕು ಮನುಷ್ಯನಿಗಿಲ್ಲವೆಂಬ ಕರ್ತನ ಉಪದೇಶವು ಅವರಿಗೆ ತಿಳಿಯದ್ದಲ್ಲ. ಆದರೂ ಅವರ ತೀರ್ಮಾನ ಇದು: ದಾಸರು ಸ್ವತಂತ್ರರಲ್ಲ, ಯಜಮಾನನ ಅಪ್ಪಣೆಗೆ ಒಳಗಾದವರು, ಆದ್ದರಿಂದ ಇಂಥ ಅಗಲಿಕೆಯು ಮರಣಕ್ಕೆ ಸಮಾನ, ಮರುಮದುವೆಗೆ ಅಡ್ಡಿಯಿಲ್ಲ. ದಾಸನ ಮೇಲೆ ಅವರು ದಯೆತೋರಿಸಿದರೆಂದು ಒಪ್ಪಿಕೊಳ್ಳೋಣ. ಕಾಣದೂರಕ್ಕೆ ಹೋದ ಹೆಂಡತಿಗಾಗಿ ಜೀವಮಾನವೆಲ್ಲ ಒಂಟಿಯಾಗಿರೆಂದು ಕಟ್ಟಳೆ ಮಾಡಿದ್ದರೆ ಅದು ಇನ್ನೂ ಕ್ರೂರವಾಗುತ್ತಿತ್ತು. ಆದರೆ ಅಗಲಿಕೆಯು ಮರಣಕ್ಕೆ ಸಮಾನವಾದರೆ ಅಗಲಿಸಿದವನು ಯಾವುದಕ್ಕೆ ಸಮಾನನು? ಈ ಪ್ರಶ್ನೆಯನ್ನು ಅವರು ಎತ್ತಲಿಲ್ಲ. ಅವನು ಬಹುಶಃ ಅದೇ ಸಭೆಯಲ್ಲಿ ಮುಂದಿನ ಸಾಲಿನಲ್ಲಿ ಕುಳಿತಿದ್ದನು. ಮದುವೆಯನ್ನು ಕುರಿತ ಕಠಿಣ ಪ್ರಶ್ನೆಗಳೆಲ್ಲಾ ಅದನ್ನು ಕಳಕೊಂಡವನಿಗೇ ಹಾಕಲ್ಪಟ್ಟವು, ಕಸುಕೊಂಡವನಿಗಲ್ಲ. ಈ ಲೇಖನದಲ್ಲಿ ನಾನು ಹೇಳಬೇಕೆಂದಿರುವದೂ ಇದೇ. ಉಳಿದದ್ದು ಇದರ ವಿವರಣೆ.

ಮದುವೆಯನ್ನು ಒಲ್ಲೆನೆಂದವಳೆಲ್ಲಾ ಮದುವೆಯನ್ನು ತಿರಸ್ಕರಿಸಿದವಳೋ? ಜಾರ್ಜಿಯ ಸಂಸ್ಥಾನದ ಮೇಕನ್ ಪಟ್ಟಣದಲ್ಲಿ ಎಲೆನ್ ಎಂಬ ದಾಸಿಯಿದ್ದಳು. ಹನ್ನೊಂದು ವರುಷದವಳಾಗಿರುವಾಗ ಯಜಮಾನನ ಮಗಳ ಮದುವೆಗೆ ಉಡುಗೊರೆಯಾಗಿ ಕೊಡಲ್ಪಟ್ಟು, ತಾಯಿಯಿಂದ ಅಗಲಿಸಲ್ಪಟ್ಟವಳು ಅವಳು. ಒಬ್ಬರ ಮದುವೆಯ ಸಂಭ್ರಮವೇ ಮತ್ತೊಬ್ಬ ತಾಯಿಯ ಮಡಿಲನ್ನು ಬರಿದುಮಾಡಿತು! ವಿಲಿಯಂ ಕ್ರಾಫ್ಟ್ ಎಂಬ ಬಡಗಿಯು ಅವಳನ್ನು ಪ್ರೀತಿಸಿದನು, ಅವಳೂ ಅವನನ್ನು ಪ್ರೀತಿಸಿದಳು. ಆದರೆ ತಮಗೆ ಹುಟ್ಟುವ ಮಕ್ಕಳು ದಾಸರಾಗಿ ತಮ್ಮ ಕೈಯಿಂದ ಕಿತ್ತುಕೊಳ್ಳಲ್ಪಡುವರೆಂದು ನೆನಸಿ, ಬಿಡುಗಡೆಯಾಗುವ ತನಕ ಮದುವೆಯಾಗುವದಿಲ್ಲವೆಂದು ಅವಳು ಬಹು ಕಾಲ ಹಟಹಿಡಿದಳು. ತಪ್ಪಿಸಿಕೊಳ್ಳುವ ದಾರಿಯೇ ಕಾಣದೆ ಹೋದ ಮೇಲೆ ಯಜಮಾನರ ಅಪ್ಪಣೆ ಪಡೆದು ಅವರಿಬ್ಬರು ಗಂಡಹೆಂಡಿರಾದರು. 1848ರ ದಶಂಬರದಲ್ಲಿ ದಾರಿ ಕಂಡಿತು. ಎಲೆನಳ ಮೈಬಣ್ಣ ಬಿಳುಪಾಗಿದ್ದದರಿಂದ ಅವಳು ಗಂಡಸಿನ ಉಡುಪು ಹಾಕಿ ಬಿಳಿಯ ದೊರೆಯ ವೇಷ ಧರಿಸಿದಳು. ಗಂಡನು ಅವಳ ಆಳಿನಂತೆ ಹಿಂದೆ ನಡೆದನು. ಅಕ್ಷರ ಬಾರದ ಕಾರಣ, ಎಲ್ಲಿಯೂ ರುಜು ಹಾಕಬೇಕಾಗಿ ಬಾರದಂತೆ ಬಲಗೈಗೆ ನೋವೆಂದು ಪಟ್ಟಿ ಕಟ್ಟಿಕೊಂಡಳು. ಹೀಗೆ ಉಗಿಬಂಡಿಯಲ್ಲಿಯೂ ಹಡಗಿನಲ್ಲಿಯೂ ಪ್ರಯಾಣಮಾಡಿ ಕ್ರಿಸ್ತಜಯಂತಿಯ ದಿವಸ ಫಿಲದೆಲ್ಫಿಯವನ್ನು ಮುಟ್ಟಿದರು. 1850ರಲ್ಲಿ ಬೋಸ್ಟನ್ ಪಟ್ಟಣದಲ್ಲಿ ಬೋಧಕರಾದ ಥಿಯೊಡೋರ್ ಪಾರ್ಕರರಿಂದ ಅವರಿಗೆ ವಿಧಿಪೂರ್ವಕವಾಗಿ ಮದುವೆಯಾಯಿತು. ಬಳಿಕ ಅವರು ಸಮುದ್ರ ದಾಟಿ ಇಂಗ್ಲೆಂಡಿಗೆ ಹೋದರು. ಅವರ ಐವರು ಮಕ್ಕಳು ಹುಟ್ಟಿದ್ದು ಅಲ್ಲಿಯೇ, ಸ್ವತಂತ್ರರಾಗಿ.

ಎಲೆನಳು ಮೊದಲು ಒಲ್ಲೆನೆಂದದ್ದನ್ನು ಅವಳ ನೆರೆಯವರು ಏನೆಂದು ತಿಳುಕೊಂಡರೋ! ಮಾತು ಕೊಡುವವನಿಗೆ ಆ ಮಾತನ್ನು ನಡಿಸುವ ಶಕ್ತಿಯಿರಬೇಕು. ಆ ಶಕ್ತಿಯು ಬೇರೆಯವರ ಕೈಯಲ್ಲಿರುವಾಗ ಮಾತು ಕೊಡಲು ಹಿಂಜರಿಯುವವನು ಮಾತಿನ ಬೆಲೆಯನ್ನು ಅರಿತವನೇ ಹೊರತು ಹಗುರವಾಗಿ ಎಣಿಸಿದವನಲ್ಲ. ಸುಲಭವಾಗಿ ಪ್ರಮಾಣಮಾಡಿ ಸುಲಭವಾಗಿ ಮುರಿದವರು ಎಷ್ಟೋ ಮಂದಿ ಗೃಹಸ್ಥರೆಂದು ಮರ್ಯಾದೆ ಹೊಂದಿ ತಿರುಗುತ್ತಾರೆ.

1865ರಲ್ಲಿ ದಾಸತ್ವವು ತೀರಿತು. ಮದುವೆಯನ್ನು ಅಲಕ್ಷ್ಯಮಾಡುವ ಜನರಾಗಿದ್ದರೆ ಆಗ ಅವರು ಏನು ಮಾಡಬೇಕಾಗಿತ್ತು? ಮಾಡಿದ್ದಾದರೋ ಇದು: ಬಿಡುಗಡೆ ಹೊಂದಿದವರಿಗಾಗಿ ಸರಕಾರದವರು ಸ್ಥಾಪಿಸಿದ ಇಲಾಖೆಯ ಕಚೇರಿಗಳಿಗೂ ಬೋಧಕರ ಬಳಿಗೂ ಗುಂಪುಗುಂಪಾಗಿ ಬಂದು ತಮ್ಮ ಮದುವೆಗಳನ್ನು ಬರೆಯಿಸಿಕೊಂಡರು. ತಲೆ ನರೆತ ದಂಪತಿಗಳು ಮೊಮ್ಮಕ್ಕಳ ಸಂಗಡ ಬಂದರು. ಕಸಬರಿಕೆಯನ್ನು ದಾಟಿ ಇಪ್ಪತ್ತು ಮೂವತ್ತು ವರುಷ ಒಟ್ಟಾಗಿ ಬಾಳಿದವರು ಈಗ ಕಾಗದದ ಮೇಲೆ ಗಂಡಹೆಂಡಿರಾದರು. ಅಗಲಿಸಲ್ಪಟ್ಟವರು ಹುಡುಕಹೊರಟರು. ಕಪ್ಪುವರ್ಣದವರ ಸಭೆಯಾದ ಆಫ್ರಿಕನ್ ಮೆಥೊಡಿಸ್ಟ್ ಎಪಿಸ್ಕೊಪಲ್ ಸಭೆಯವರು ಫಿಲದೆಲ್ಫಿಯದಲ್ಲಿ ‘ಕ್ರಿಶ್ಚಿಯನ್ ರೆಕಾರ್ಡರ್’ ಎಂಬ ಪತ್ರಿಕೆಯನ್ನು ನಡಿಸುತ್ತಿದ್ದರು. ಅದರಲ್ಲಿಯೂ ಬೇರೆ ಪತ್ರಿಕೆಗಳಲ್ಲಿಯೂ ವರುಷಾನುವರುಷ ಚಿಕ್ಕ ಪ್ರಕಟನೆಗಳು ಬಂದವು: ಇಂಥ ಹೆಸರಿನ ನನ್ನ ಗಂಡನು, ಇಂಥ ಯಜಮಾನನ ಬಳಿಯಲ್ಲಿದ್ದವನು, ಇಂಥ ಊರಿನಿಂದ ಮಾರಲ್ಪಟ್ಟವನು, ಎಲ್ಲಿದ್ದಾನೆಂದು ಬಲ್ಲವರು ತಿಳಿಸಿರಿ ಎಂಬಂಥವು. ಬೋಧಕರು ಇವುಗಳನ್ನು ಪ್ರಸಂಗಪೀಠದಿಂದ ಓದಿ ಹೇಳಬೇಕೆಂದು ಬೇಡಿಕೆಯಿರುತ್ತಿತ್ತು. ಹತ್ತಿಪ್ಪತ್ತು ವರುಷಗಳ ಹಿಂದೆ ಕಳಕೊಂಡವರನ್ನು ಹುಡುಕಿದವರೂ ಇದ್ದರು. ಸಿಕ್ಕಿದವರು ಸ್ವಲ್ಪ. ಮದುವೆಗೆ ಇದಕ್ಕಿಂತ ದೊಡ್ಡ ಗೌರವವನ್ನು ಯಾವ ಜನಾಂಗದವರು ತೋರಿಸಿದ್ದಾರೋ ನಾನರಿಯೆ.

ಆ ಮೇಲಿನ ಖಾನೇಷುಮಾರಿಯ ಲೆಕ್ಕಗಳು ಸಹ ಇದಕ್ಕೆ ಸಾಕ್ಷಿ. 1890ರಿಂದ 1940ರ ವರೆಗೂ ಕಪ್ಪುವರ್ಣದವರು ಬಿಳಿಯರಿಗಿಂತ ಚಿಕ್ಕ ಪ್ರಾಯದಲ್ಲಿಯೇ ಮದುವೆಯಾಗುತ್ತಿದ್ದರು. ಪಾಲಿಗೆ ಹೊಲ ಮಾಡುವ ಒಕ್ಕಲಿಗೆ ಹೆಂಡತಿ ಮಕ್ಕಳಿಲ್ಲದೆ ಬೇಸಾಯ ಸಾಗದೆಂಬದನ್ನು ನಮ್ಮ ಹಳ್ಳಿಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಹೀಗಿರಲಾಗಿ, ಈಗಿನ ಒಂಟಿತನಕ್ಕೆ ದಾಸತ್ವದಲ್ಲಿ ಕಲಿತ ದುರಭ್ಯಾಸವೇ ಕಾರಣವೆಂಬ ಮಾತು ನಿಲ್ಲಲಾರದು. ಎಪ್ಪತ್ತೈದು ವರುಷ ಇಲ್ಲದ ಅಭ್ಯಾಸವು ಆ ಮೇಲೆ ಎಲ್ಲಿಂದ ಬಂತು?

ಬೇರೆ ಕಾರಣಗಳು ಬಂದವು. 1910ರಿಂದ 1970ರ ವರೆಗೆ ಸುಮಾರು ಅರುವತ್ತು ಲಕ್ಷ ಜನರು ದಕ್ಷಿಣದ ಹೊಲಗಳನ್ನು ಬಿಟ್ಟು ಡೆಟ್ರಾಯಿಟ್, ಶಿಕಾಗೋ ಮೊದಲಾದ ಪಟ್ಟಣಗಳಿಗೆ ಹೋದರು. ಅಲ್ಲಿ ಕಾರ್ಖಾನೆಯ ಕೂಲಿಯಿಂದ ಸಂಸಾರ ನಡೆಯಿತು. ಮುಂದೆ ಆ ಕಾರ್ಖಾನೆಗಳು ಮುಚ್ಚುತ್ತಾ ಬಂದಾಗ ಕೆಲಸವಿಲ್ಲದ ಯೌವನಸ್ಥರು ಬೀದಿಗಳಲ್ಲಿ ಉಳಿದರು. ಕೂಲಿಯಿಲ್ಲದ ಗಂಡಸು ಹೆಣ್ಣು ಕೇಳಲು ನಾಚುತ್ತಾನೆ, ಕೇಳಿದರೂ ಹೆಣ್ಣಿನವರು ಒಪ್ಪುವದಿಲ್ಲ. ಇದನ್ನು ವಿಲಿಯಂ ಜೂಲಿಯಸ್ ವಿಲ್ಸನ್ ಎಂಬ ಪಂಡಿತರು 1987ರಲ್ಲಿ ತಮ್ಮ ಗ್ರಂಥದಲ್ಲಿ ವಿಸ್ತಾರವಾಗಿ ತೋರಿಸಿದ್ದಾರೆ. ಸೆರೆಮನೆಗಳೂ ದೊಡ್ಡವಾದವು. 1970ರ ಆಚೀಚೆ ಆ ದೇಶದ ಸೆರೆಮನೆಗಳಲ್ಲಿ ಸುಮಾರು ಎರಡು ಲಕ್ಷ ಕೈದಿಗಳಿದ್ದರು. 2009ರ ಹೊತ್ತಿಗೆ ಹದಿನಾರು ಲಕ್ಷಕ್ಕೆ ಮೀರಿದ್ದರು. ಆ ಮೇಲೆ ಸಂಖ್ಯೆ ಇಳಿದಿದ್ದರೂ, ಜನಸಂಖ್ಯೆಯಲ್ಲಿ ಏಳರಲ್ಲಿ ಒಂದು ಪಾಲಿರುವ ಕಪ್ಪುವರ್ಣದವರು ಕೈದಿಗಳಲ್ಲಿ ಸುಮಾರು ಮೂರರಲ್ಲಿ ಒಂದು ಪಾಲಿದ್ದಾರೆ. ಕೊಕೇನೆಂಬ ಅಮಲು ಪದಾರ್ಥವನ್ನು ಬಡವರು ಹರಳಿನ ರೂಪದಲ್ಲಿಯೂ ಹಣವಂತರು ಪುಡಿಯ ರೂಪದಲ್ಲಿಯೂ ಸೇವಿಸುತ್ತಿದ್ದರು. 1986ರ ಕಾಯಿದೆಯಂತೆ ಐದು ಗ್ರಾಂ ಹರಳನ್ನು ಮಾರುವವನಿಗೂ ಐನೂರು ಗ್ರಾಂ ಪುಡಿಯನ್ನು ಮಾರುವವನಿಗೂ ಒಂದೇ ಶಿಕ್ಷೆ, ಕಡಿಮೆಯೆಂದರೆ ಐದು ವರುಷ ಸೆರೆ. ಈ ತಕ್ಕಡಿಯನ್ನು 2010ರಲ್ಲಿ ಸ್ವಲ್ಪ ಸರಿಮಾಡಿದರು, ಪೂರಾ ಅಲ್ಲ. 2015ರಲ್ಲಿ ನ್ಯೂಯಾರ್ಕಿನ ಒಂದು ಪ್ರಸಿದ್ಧ ದಿನಪತ್ರಿಕೆಯು ಲೆಕ್ಕಹಾಕಿ ಹೇಳಿದ್ದೇನಂದರೆ, 25ರಿಂದ 54 ವರುಷ ಪ್ರಾಯದೊಳಗೆ ಸೆರೆಯ ಹೊರಗಿರುವ ಪ್ರತಿ ನೂರು ಮಂದಿ ಕಪ್ಪುವರ್ಣದ ಹೆಂಗಸರಿಗೆ ಗಂಡಸರು 83 ಮಂದಿ ಮಾತ್ರ. ಉಳಿದವರಲ್ಲಿ ಬಹುಮಂದಿ ಸೆರೆಯಲ್ಲಿಯೋ ಗೋರಿಯಲ್ಲಿಯೋ ಇದ್ದರು. ಮದುವೆಯಾಗದ ಆ ಹದಿನೇಳು ಮಂದಿ ಹೆಂಗಸರಿಗೆ ಗರ್ವವೆಂದು ಹೆಸರಿಡುವವರು ಮೊದಲು ಈ ಲೆಕ್ಕವನ್ನು ಕೂಡಿಸಿ ಕಳೆದು ನೋಡಲಿ.

ಬಡ ತಾಯಂದಿರಿಗೆ ಸಹಾಯಧನ ಕೊಡುವ ಕಾನೂನು ಕೂಡ ಗಂಡಸನ್ನು ಮನೆಯಿಂದ ಓಡಿಸಿತು. ಮನೆಗೆ ಒಬ್ಬ ಪುರುಷನು ಬಂದು ಹೋಗುವದು ತಿಳಿದರೆ ಮಕ್ಕಳ ಅನ್ನದ ಹಣವನ್ನು ನಿಲ್ಲಿಸುವ ಕಟ್ಟಳೆ ಹಲವು ಸಂಸ್ಥಾನಗಳಲ್ಲಿತ್ತು. ಅಲಬಾಮದ ಒಬ್ಬ ವಿಧವೆಯು ವ್ಯಾಜ್ಯ ಹೂಡಿದ ಮೇಲೆ 1968ರಲ್ಲಿ ಮುಖ್ಯ ನ್ಯಾಯಸ್ಥಾನದವರು ಅದನ್ನು ರದ್ದುಪಡಿಸಿದರು. ಅದಕ್ಕೆ ಮೂರು ವರುಷ ಮೊದಲು, 1965ರಲ್ಲಿ, ಸರಕಾರದ ಅಧಿಕಾರಿಯಾಗಿದ್ದ ಡೇನಿಯಲ್ ಪ್ಯಾಟ್ರಿಕ್ ಮೊಯ್ನಿಹಾನರು ಕಪ್ಪುವರ್ಣದವರ ಕುಟುಂಬವನ್ನು ಕುರಿತು ಒಂದು ವರದಿ ಬರೆದರು. ನಿರುದ್ಯೋಗವೂ ಹಳೇ ಅನ್ಯಾಯವೂ ಕಾರಣವೆಂದು ಅದರಲ್ಲಿ ಬರೆದಿರುವದು ನಿಜವೇ. ಆದರೆ ತಾಯಂದಿರ ಯಜಮಾನಿಕೆಯಿಂದ ಕುಟುಂಬಗಳು ಕೆಟ್ಟವೆಂಬ ಒಂದು ಎಳೆಯನ್ನೇ ಜನರು ಹಿಡಿದೆಳೆದರು. ಆಗ ಆ ಜನರಲ್ಲಿ ಹುಟ್ಟುವ ಕೂಸುಗಳಲ್ಲಿ ಸುಮಾರು ನಾಲ್ಕರಲ್ಲಿ ಒಂದು ಮದುವೆಯಿಲ್ಲದ ತಾಯಿಗೆ ಹುಟ್ಟುತ್ತದೆಂದು ಗಾಬರಿಯಾಯಿತು. ಇಂದು ಬಿಳಿಯರಲ್ಲಿಯೇ ಅದಕ್ಕಿಂತ ಹೆಚ್ಚಾಗಿದೆ. ಬಿಳಿಯ ತಾಯಂದಿರ ಯಜಮಾನಿಕೆಯನ್ನು ಕುರಿತು ಯಾರೂ ವರದಿ ಬರೆದದ್ದನ್ನು ನಾನು ಕಂಡಿಲ್ಲ.

ಹಾಗಾದರೆ ಗಂಡಸರ ಮೇಲೆ ತಪ್ಪೇ ಇಲ್ಲವೋ ಎಂದು ಕೆಲವರು ಕೇಳುವರು. ಉಂಟು. ಕೆಲಸವಿದ್ದೂ ಆರೋಗ್ಯವಿದ್ದೂ, ಹೆಣ್ಣಿನಲ್ಲಿ ಆಸೆ ಹುಟ್ಟಿಸಿ ಮಗುವನ್ನು ಕೊಟ್ಟು ನಡೆದುಬಿಡುವವನಿಗೆ ಯಾವ ಚರಿತ್ರೆಯೂ ಮರೆಯಾಗಲಾರದು. ಆದರೆ ಎಲ್ಲರನ್ನೂ ಅದೇ ಹಗ್ಗದಿಂದ ಕಟ್ಟಕೂಡದು. 2013ರಲ್ಲಿ ಸರಕಾರದ ಆರೋಗ್ಯ ಇಲಾಖೆಯವರು ಪ್ರಕಟಿಸಿದ ವರದಿಯಲ್ಲಿ, ಮಕ್ಕಳಿಗೆ ಉಣ್ಣಿಸುವದು, ಮೀಯಿಸುವದು, ಬಟ್ಟೆ ತೊಡಿಸುವದು ಮೊದಲಾದ ಕೆಲಸಗಳಲ್ಲಿ ಕಪ್ಪುವರ್ಣದ ತಂದೆಗಳು ಬೇರೆಯವರಿಗೆ ಕಡಿಮೆಯಲ್ಲವೆಂದು ಕಂಡಿದೆ. ತಾಯಿಯ ಸಂಗಡ ವಾಸಿಸದ ತಂದೆಗಳ ಲೆಕ್ಕವೂ ಅದರಲ್ಲಿ ಸೇರಿದೆ. ಮದುವೆ ಇಲ್ಲದ ಕಡೆಯಲ್ಲೆಲ್ಲಾ ತಂದೆಯೂ ಇಲ್ಲವೆಂದು ತಿಳಿಯುವದು ತಪ್ಪು.

ಇಲ್ಲಿಯ ವರೆಗೆ ಒಂಟಿಯಾಗಿರುವವರನ್ನು ಅನ್ಯಾಯ ಹೊಂದಿದವರೆಂದೇ ಮಾತಾಡಿದೆನು. ಇದರಲ್ಲಿಯೂ ಒಂದು ಅಪಾಯವುಂಟು. ಅವರಿಗಾಗಿ ಮರುಗುತ್ತಾ ಮರುಗುತ್ತಾ ಅವರ ಬಾಳೆಲ್ಲವನ್ನು ಒಂದು ಕೊರತೆಯೆಂದೇ ಎಣಿಸಿಬಿಡುತ್ತೇವೆ. ಸ್ವಂತ ಮನಸ್ಸಿನಿಂದಲೇ ಒಂಟಿಯಾಗಿರುವವರೂ ಅವರಲ್ಲಿದ್ದಾರೆ. ಅಪೊಸ್ತಲನಾದ ಪೌಲನು ಕೊರಿಂಥದ ಸಭೆಗೆ ಬರೆದ ಮೊದಲನೆಯ ಪತ್ರಿಕೆಯ ಏಳನೆಯ ಅಧ್ಯಾಯದಲ್ಲಿ ಮದುವೆಯಾಗದ ಸ್ಥಿತಿಯನ್ನು ವರವೆಂದು ಹೇಳುವದನ್ನು ನಾವು ಓದುತ್ತೇವೆ, ಓದಿ ಮುಚ್ಚಿ, ಮನೆಗೆ ಹೋಗಿ, ನೆರೆಯವಳ ಮಗಳಿಗೆ ಇನ್ನೂ ಗಂಡು ಸಿಕ್ಕಲಿಲ್ಲವೆಂದು ಮಾತಾಡುತ್ತೇವೆ.

ನಾನ್ನಿ ಹೆಲೆನ್ ಬರೋಸ್ ಎಂಬಾಕೆಯು ಎಂದೂ ಮದುವೆಯಾಗಲಿಲ್ಲ. 1900ರಲ್ಲಿ, ಇಪ್ಪತ್ತೊಂದು ವರುಷದವಳಾಗಿ, ಬ್ಯಾಪ್ಟಿಸ್ಟರ ಮಹಾಸಭೆಯಲ್ಲಿ ಎದ್ದು ನಿಂತು, ಸಭೆಯ ಸಹೋದರಿಯರು ಕೆಲಸಮಾಡದಂತೆ ಹೇಗೆ ತಡೆಯಲ್ಪಡುತ್ತಿದ್ದಾರೆಂದು ಮಾತಾಡಿದಳು. 1909ರಲ್ಲಿ ವಾಷಿಂಗ್ಟನ್ ಪಟ್ಟಣದಲ್ಲಿ ಹುಡುಗಿಯರಿಗಾಗಿ ಶಾಲೆಯನ್ನು ತೆರೆದು, 1961ರಲ್ಲಿ ತೀರಿಹೋಗುವ ವರೆಗೆ ಅದನ್ನು ನಡಿಸಿದಳು. ಆ ಶಾಲೆಯಲ್ಲಿ ಮೂರು ವಸ್ತುಗಳನ್ನು ಮುಖ್ಯವಾಗಿ ಹೇಳಿಕೊಡುತ್ತಿದ್ದರು: ಸತ್ಯವೇದ, ಸ್ನಾನ, ಕಸಬರಿಕೆ. ಅಜ್ಜಿಯರು ಮದುವೆಗಾಗಿ ದಾಟಿದ ಕಸಬರಿಕೆಯನ್ನು ಮೊಮ್ಮಕ್ಕಳು ಕೈಯಲ್ಲಿ ಹಿಡಿದು ಸ್ವಂತ ಅನ್ನವನ್ನು ಸಂಪಾದಿಸಲು ಕಲಿತರು.

ಗಂಡಸರಲ್ಲಿ ಜಾರ್ಜ್ ವಾಷಿಂಗ್ಟನ್ ಕಾರ್ವರನನ್ನು ಹೇಳಬಹುದು. ಅವನು ದಾಸನಾಗಿ ಹುಟ್ಟಿದವನು. ಕೂಸಾಗಿರುವಾಗ ಕಳ್ಳರು ತಾಯಿಯನ್ನೂ ಅವನನ್ನೂ ಅಪಹರಿಸಿದರು, ಅವನು ಸಿಕ್ಕಿದನು, ತಾಯಿಯು ಸಿಕ್ಕಲಿಲ್ಲ. 1896ರಿಂದ 1943ರ ವರೆಗೆ ಟಸ್ಕೀಗಿಯ ಶಾಲೆಯಲ್ಲಿದ್ದು, ಹತ್ತಿಯಿಂದ ಸಾರಗುಂದಿದ ಹೊಲಗಳಲ್ಲಿ ನೆಲಗಡಲೆ, ಗೆಣಸುಗಳನ್ನು ಬೆಳೆಸಲು ಬಡ ಒಕ್ಕಲಿಗರಿಗೆ ಕಲಿಸಿದನು. ಅವನೂ ಮದುವೆಯಾಗಲಿಲ್ಲ. ಆದರೆ ಅವನ ವಿಷಯವಾಗಿ ಮಾತಾಡುವವರು ನೆಲಗಡಲೆಯ ಮಾತನ್ನೇ ಆಡುತ್ತಾರೆ, ಹೆಂಡತಿಯಿಲ್ಲದ್ದನ್ನಲ್ಲ. ಹೆಂಗಸರಿಗೆ ಈ ಮರ್ಯಾದೆ ಸಿಕ್ಕುವದು ಅಪರೂಪ. ನಮ್ಮ ಹಿಂದುಸ್ಥಾನಕ್ಕೆ 1879ರಲ್ಲಿ ಬಂದು ಎರಡು ವರುಷ ಸುವಾರ್ತೆ ಸಾರಿದ ಅಮಾಂಡ ಸ್ಮಿತ್ ಎಂಬ ಕಪ್ಪುವರ್ಣದ ಸುವಾರ್ತಿಕಳು ಎರಡು ಸಾರಿ ಮದುವೆಯಾಗಿ ಇಬ್ಬರು ಗಂಡಂದಿರನ್ನೂ ಕಳಕೊಂಡವಳು. ಆಕೆಯ ದೊಡ್ಡ ಪ್ರಯಾಣಗಳೂ, ಮುಂದೆ ಶಿಕಾಗೋ ಹತ್ತಿರ ಅನಾಥ ಮಕ್ಕಳಿಗಾಗಿ ತೆರೆದ ಮನೆಯೂ ಆ ಬಳಿಕದ ಕೆಲಸಗಳು.

ಅನ್ನಾ ಜೂಲಿಯ ಕೂಪರಳ ಸಂಗತಿಯನ್ನು ಹೇಳದೆ ಬಿಡಲಾರೆನು. 1858ರಲ್ಲಿ ಉತ್ತರ ಕ್ಯಾರೊಲೈನದ ರಾಲೀ ಪಟ್ಟಣದಲ್ಲಿ ದಾಸಿಯ ಮಗಳಾಗಿ ಹುಟ್ಟಿ, 1877ರಲ್ಲಿ ಮದುವೆಯಾಗಿ, ಎರಡೇ ವರುಷಗಳಲ್ಲಿ ವಿಧವೆಯಾದಳು. ಮತ್ತೆ ಮದುವೆಯಾಗಲಿಲ್ಲ. ಅಂದಿನ ಕಾಲದಲ್ಲಿ ಅನೇಕ ಊರುಗಳಲ್ಲಿ ಉಪಾಧ್ಯಾಯಿನಿಯು ಮದುವೆಯಾದರೆ ಕೆಲಸ ಬಿಡಬೇಕಾಗಿತ್ತು. ಓದಿದ ಹೆಂಗಸರು ಯಾಕೆ ಒಂಟಿಯಾಗಿರುತ್ತಾರೆಂದು ಕೇಳುವವರು ಆ ಶಾಲಾಮಂಡಲಿಗಳನ್ನು ಕೇಳಬೇಕಾಗಿತ್ತು. ಕೂಪರಳು ವಾಷಿಂಗ್ಟನಿನಲ್ಲಿ ಬಹು ವರುಷ ಪಾಠ ಹೇಳಿದಳು. 1915ರಲ್ಲಿ ಆಕೆಯ ಸಂಬಂಧಿಕರ ಐವರು ಮಕ್ಕಳು ತಾಯಿಯಿಲ್ಲದವರಾದಾಗ, ಐವತ್ತೇಳು ವರುಷದ ಈ ಒಂಟಿ ಹೆಂಗಸು ಐವರನ್ನೂ ಮನೆಗೆ ಕರಕೊಂಡಳು. ಅವರಲ್ಲಿ ಕಡೇದು ಇನ್ನೂ ಕೈಗೂಸು. ಅವರನ್ನು ಸಾಕುತ್ತಾ, ಹಗಲು ಶಾಲೆಯಲ್ಲಿ ಪಾಠ ಹೇಳುತ್ತಾ, ಉಳಿದ ಹೊತ್ತಿನಲ್ಲಿ ಓದಿ, 1925ರಲ್ಲಿ ಪಾರಿಸ್ ಪಟ್ಟಣದ ವಿಶ್ವವಿದ್ಯಾಲಯದಿಂದ ಪಂಡಿತ ಪದವಿಯನ್ನು ಪಡೆದಳು. ಆಕೆ ತೀರಿಹೋದದ್ದು 1964ರಲ್ಲಿ, ನೂರೈದು ವರುಷ ಪ್ರಾಯದಲ್ಲಿ.